ಬಾಯಿಬಿಟ್ಟು ಓದಿದಾಗ ಸಿಕ್ಕ ಗೇರುಸೊಪ್ಪೆ

ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಇತಿಹಾಸ ನನ್ನ ವಿಷಯವಲ್ಲ. ಆದರೂ ನಿವೃತ್ತಿಯಾದ ಮೇಲೆ ಹಾಳುಬಿದ್ದ ಊರುಗಳ ಬಗ್ಗೆ ಹಳಬರು ಬರೆದಿಟ್ಟ ಪುಸ್ತಕಗಳ ಹುಚ್ಚು ಹಿಡಿಯಿತು. ಹಿಡಿಸಿದ್ದು ಒಂದು ಮಗ್ಗಿ.

1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯೊಬ್ಬನ ಜೊತೆ ಗೋವಾದಿಂದ ಹೊರಟು ಹೊನ್ನಾವರಕ್ಕೆ ಬಂದ. ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆ, ಮುಂದೆ ಘಟ್ಟ ಹತ್ತಿ ಇಕ್ಕೇರಿ. ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣುವ ಕೆಲಸ ಇದ್ದದ್ದು ರಾಯಭಾರಿಗೆ. ಇವನಿಗೆ ಇದ್ದದ್ದು ನೋಡುವ ಚಪಲ ಅಷ್ಟೆ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರ ಬರೆದ. ಅವುಗಳ ಇಂಗ್ಲಿಷ್ ಅನುವಾದದ ಎರಡು ಸಂಪುಟಗಳು 1892ರಲ್ಲಿ ಅಚ್ಚಾದವು. ಮಗ ಅದರ ಸ್ಕ್ಯಾನ್ ಪ್ರತಿಯನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದ.

ಘಟ್ಟದ ದಾರಿಯಲ್ಲಿ ಸಾಮಾನು ಹೊರೆ ಕಟ್ಟುವಷ್ಟು ಹೊತ್ತು ಈತ ಒಂದು ಗುಡಿಯ ಜಗುಲಿಯಲ್ಲಿ ಕೂತಿದ್ದನಂತೆ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ನೆಲದ ಮೇಲೆ ನುಣ್ಣನೆ ಮರಳು ಹರಡಿದೆ. ಒಬ್ಬ ರಾಗವಾಗಿ ಒಂದು ಸಾಲು ಹೇಳುತ್ತ ಬೆರಳಲ್ಲಿ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡಿಕೊಂಡು ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ, ಪಕ್ಕದ ಗುಡ್ಡೆಯಿಂದ ಮತ್ತಷ್ಟು ಮರಳು. ಅವರು ಹೇಳುತ್ತಿದ್ದ ಸಾಲಿಗೂ ಅವನು ಒಂದು ಉದಾಹರಣೆ ಕೊಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಅದು ಏನೇನೂ ಅನ್ನಿಸದ ಒಣ ವಾಕ್ಯ. ಎರಡು ಸಲ ಓದಿ ದಾಟಿಬಿಟ್ಟಿದ್ದೆ. ಮೂರನೇ ಸಲ ಅಡುಗೆಮನೆಯಲ್ಲಿ ಅಮ್ಮನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ: "ಒಂದನ್ನು ಒಂದರಿಂದ ಎಣಿಸಿದರೆ ಒಂದೇ ಅಂತ ಏನೋ ಹಾಡ್ತಿದ್ರಂತೆ."

ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ. "ಒಂದೊಂದ್ಲ ಒಂದು. ಮಗ್ಗಿ ಅಲ್ದನೇ ಅದು?"

ಇಪ್ಪತ್ತೆಂಟು ವರ್ಷ ಮಕ್ಕಳಿಂದ ಮಗ್ಗಿ ಹೇಳಿಸಿದವಳಿಗೆ ಗೊತ್ತಾಗಲಿಲ್ಲ ನೋಡಿ. ಕಣ್ಣಲ್ಲಿ ಓದುತ್ತಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ. ಅವತ್ತಿನಿಂದ ಇಂಥ ಪುಸ್ತಕಗಳನ್ನು ಬಾಯಿಬಿಟ್ಟೇ ಓದುತ್ತೇನೆ, ಆದಷ್ಟೂ ಯಾರಾದರೂ ಹಿರಿಯರ ಎದುರಿಗೆ. ನನ್ನ ವಿಧಾನ ಅಂತ ಇದ್ದರೆ ಇದೇ. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಮೊದಲ ಕಲಮಿನಲ್ಲಿ ಪುಸ್ತಕದಲ್ಲಿದ್ದ ಹಾಗೆ ಹೆಸರು, ಎರಡನೆಯದರಲ್ಲಿ ನನ್ನ ಬಾಯಲ್ಲಿ ಅದು ಹೇಗೆ ಬಂತು, ಮೂರನೆಯದರಲ್ಲಿ ಊರವರು ಏನೆಂದರು. ಓನೋರ್ ಅಂದರೆ ಹೊನ್ನಾವರ, ಗಾರ್ಸೋಪಾ ಅಂದರೆ ಗೇರುಸೊಪ್ಪೆ, ಬಾಟಿಕಲಾ ಅಂದರೆ ಭಟ್ಕಳ, ಬಾರ್ಸೆಲೋರ್ ಅಂದರೆ ಬಸ್ರೂರು. ಇವು ಸುಲಭದವು. ಬಿಸ್ನಗಾ ಅಂದರೆ ವಿಜಯನಗರ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕು.

ಎಡವಿದ್ದೂ ಉಂಟು. ಘಟ್ಟದ ಮೇಲಿನ ಕೋಟೆಯೊಂದನ್ನು ದೆಲ್ಲಾ ವಾಲ್ಲೆ 'ಗವರದ ನಘರ್' ಎಂಬಂಥ ಹೆಸರಿನಿಂದ ಕರೆಯುತ್ತಾನೆ. ನಗರ ಅಂದಮೇಲೆ ಹೊಸನಗರದ ಹತ್ತಿರದ ನಗರವೇ ಎಂದು ತೀರ್ಮಾನಿಸಿ, ನಮ್ಮ ಸಂಘದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನೂ ಕೊಟ್ಟೆ. ಅಚ್ಚಾದ ಮೇಲೆ ಬುದ್ಧಿ ಬಂತು. ಆ ಊರು ಆಗ ಬಿದನೂರು. ಹೈದರಾಲಿ ಅದನ್ನು ಗೆದ್ದದ್ದು 1763ರಲ್ಲಿ, ಹೈದರನಗರ ಅಂತ ಹೆಸರಿಟ್ಟದ್ದು ಆಮೇಲೆ. 140 ವರ್ಷ ಮುಂಚೆಯೇ ಒಬ್ಬ ರೋಮಿನವನ ಬಾಯಲ್ಲಿ ಆ ಹೆಸರು ಹೇಗೆ ಬಂದೀತು? ಅದೂ ಅಲ್ಲದೆ ಗೇರುಸೊಪ್ಪೆಯಿಂದ ಇಕ್ಕೇರಿಗೆ ಹೊರಟವನು ಅಷ್ಟು ದೂರ ದಕ್ಷಿಣಕ್ಕೆ ಯಾಕೆ ಹೋಗುತ್ತಾನೆ? ಕೂಡಿಸಿ ಕಳೆಯಲು ಬರುವ ಯಾರಿಗಾದರೂ ಹೊಳೆಯಬೇಕಿತ್ತು. ತಾಳಗುಪ್ಪದ ಕಡೆ ಒಬ್ಬ ತೋಟದ ಯಜಮಾನರ ಎದುರು ಆ ಹೆಸರನ್ನು ನಾಲ್ಕು ಥರ ಉಚ್ಚರಿಸಿದೆ. "ಗೋವರ್ಧನಗಿರಿ ಕೋಟೆ ಕೇಳ್ತಾ ಇದ್ದೀರಾ ಅಕ್ಕ?" ಅಂದರು. ಅದು ಸಾಗರ ತಾಲ್ಲೂಕಿನಲ್ಲೇ, ಘಟ್ಟದ ನೆತ್ತಿಯಲ್ಲೇ ಇದೆ. ಈಗ ನನ್ನ ಓಟು ಅದಕ್ಕೇ. ಮುಂದಿನ ವರ್ಷದ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸಿದೆ, ಯಾರೂ ಓದಿದ ಹಾಗೆ ಕಾಣಲಿಲ್ಲ.

ಗೇರುಸೊಪ್ಪೆಗೆ ಹೋಗುವಾಗ ಆ ಪುಟಗಳ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಕಾಡಿನಲ್ಲಿ ಫೋನು ನಂಬುವ ಹಾಗಿಲ್ಲ. ಇದು ಚೆನ್ನಭೈರಾದೇವಿಯ ರಾಜಧಾನಿ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇವಳನ್ನೇ. ಕೆಳದಿಯವರ ಕೈಗೆ ಊರು ಹೋದದ್ದು ಹದಿನೇಳನೇ ಶತಮಾನದ ಆರಂಭದಲ್ಲಿ. ದೆಲ್ಲಾ ವಾಲ್ಲೆ ಬರುವಷ್ಟರಲ್ಲೇ ಅರಮನೆ, ಮನೆಗಳು ಬಿದ್ದು ಮರಗಿಡ ಬೆಳೆದಿದ್ದವು, ಉಳಿದಿದ್ದದ್ದು ರೈತರ ನಾಲ್ಕು ಗುಡಿಸಲು. ನಾಲ್ಕುನೂರು ವರ್ಷದ ಹಿಂದೆಯೇ ಅದು ಹಾಳೂರು! ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಕಲ್ಲುಕಟ್ಟೆಯ ಮೇಲೆ ಕೂತು ಆ ಸಾಲುಗಳನ್ನು ಗಟ್ಟಿಯಾಗಿ ಓದಿದಾಗ, ಓದುತ್ತಿರುವುದು ಹಳೆಯ ವರ್ಣನೆಯೋ ಎದುರಿಗಿರುವುದೋ ಎಂದು ಗೊಂದಲವಾಯಿತು. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ಹೊರಗೆ ನೋಡಿದರೂ ಕಾಡು. ಈ ನದಿಯನ್ನು ತಾನು ಕಂಡ ನದಿಗಳಲ್ಲೇ ಚೆಲುವಾದವುಗಳ ಸಾಲಿಗೆ ಸೇರಿಸಿದ್ದ ಪುಣ್ಯಾತ್ಮ. ಈಗ ಅಲ್ಲೇ ಟೇಲ್‌ರೇಸ್ ಅಣೆಕಟ್ಟು, ಅಂದರೆ ಮೇಲಿನ ವಿದ್ಯುದಾಗಾರದಿಂದ ಹೊರಬಿದ್ದ ನೀರನ್ನು ತಡೆಯುವ ಅಣೆಕಟ್ಟು, ನಿಂತಿದೆ, ನೀರು ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಇಷ್ಟು ದೊಡ್ಡ ಊರು ಪುಸ್ತಕಗಳಲ್ಲಿ ಯಾಕೆ ಇಷ್ಟು ಸಣ್ಣದಾಯಿತು ಎಂಬುದು ನನ್ನನ್ನು ತುಂಬಾ ದಿನ ಕಾಡಿತು. ಮೊದಲು ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದೆ. ಸಾಗರದ ಶಾಸನಗಳು ಎಂಟನೇ ಸಂಪುಟದಲ್ಲಿವೆ, 1904ರಲ್ಲಿ ಬಂದದ್ದು. ತಾಲ್ಲೂಕುವಾರು ನಂಬರು ಹಾಕಿ ಕೊಟ್ಟಿರುವುದರಿಂದ ಹುಡುಕುವುದು ಸಲೀಸು. ಇಕ್ಕೇರಿ ಇದೆ, ಕೆಳದಿ ಇದೆ. ಗೇರುಸೊಪ್ಪೆಯ ಅಧ್ಯಾಯವೇ ಇಲ್ಲ. ರೈಸ್ ಮರೆತರೇ? ಇಲ್ಲ. ಅವರು ಮೈಸೂರು ಸಂಸ್ಥಾನದ ನೌಕರರು. ಗೇರುಸೊಪ್ಪೆ ಇರುವ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದರು, ಹಾಗಾಗಿ ಘಟ್ಟದ ಕೆಳಗೆ ರೈಸರ ಗಡಿ ಮುಗಿಯುತ್ತಿತ್ತು. ಗೇರುಸೊಪ್ಪೆಯ ವಿವರ ಸಿಕ್ಕಿದ್ದು 1883ರ ಬೊಂಬಾಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ. ಅಂದರೆ ಘಟ್ಟದ ಮೇಲೂ ಕೆಳಗೂ ಕೈಚಾಚಿದ್ದ ಒಂದು ರಾಜ್ಯದ ಕಾಗದಪತ್ರ ಎರಡು ಸರ್ಕಾರಗಳ ಎರಡು ಕಪಾಟಿನಲ್ಲಿ. ಅಣ್ಣತಮ್ಮಂದಿರು ಪಾಲಾದಾಗ ಹಳೇ ಕಡತ ಯಾರ ಮನೆಯಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲವಲ್ಲ, ಹಾಗೆ. ಗಡಿಯಂಚಿನ ಯಾವ ಊರನ್ನು ಹುಡುಕುವುದಿದ್ದರೂ ನಾನೀಗ ಮೊದಲು ನೋಡುವುದು ಆ ಊರು ಆಗ ಯಾರ ಕೈಕೆಳಗಿತ್ತು ಎಂದು. ಶಾಸನವೋ ಬಖೈರೋ ಎಲ್ಲ ಆಮೇಲೆ.

ಹಂಪಿಗೆ ಈ ಕಷ್ಟ ಬರಲಿಲ್ಲ. ರಾಬರ್ಟ್ ಸಿವೆಲ್ 1900ರಲ್ಲಿ 'ಮರೆತುಹೋದ ಸಾಮ್ರಾಜ್ಯ' ಎಂದು ತಲೆಬರಹ ಕೊಟ್ಟು, ಪಾಯೆಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ಚುಗೀಸರ ಬರಹಗಳನ್ನೂ ಸೇರಿಸಿ ಒಂದೇ ಪುಸ್ತಕ ಮಾಡಿದ. ಆಮೇಲೆ ಅದನ್ನು ಮರೆಯುವವರು ಯಾರು? ಗೇರುಸೊಪ್ಪೆಗೆ ಆ ಕಾಲದಲ್ಲಿ ಒಬ್ಬ ಸಿವೆಲ್ ಸಿಗಲಿಲ್ಲ.

ಇಕ್ಕೇರಿಯ ಪುಟಗಳಿಗೆ ಬಂದಾಗ ಅಮ್ಮನನ್ನು ಮೊದಲೇ ಕೂರಿಸಿಕೊಂಡೆ. ಸಂಜೆ ಬೀದಿಯಲ್ಲಿ ಹೆಣ್ಣುಮಕ್ಕಳ ಗುಂಪು. ಕೈಯಲ್ಲಿ ಬಣ್ಣ ಬಳಿದ ಸಣ್ಣ ಕೋಲು, ತಾಳಕ್ಕೆ ಸರಿಯಾಗಿ ಹೊಡೆಯುತ್ತ ಸುತ್ತುತ್ತಾರೆ, ಒಬ್ಬಳು ಹಾಡಿದರೆ ಉಳಿದವರು 'ಕೋಲೆ, ಕೋಲೆ' ಎನ್ನುತ್ತಾರೆ. ಅದರ ಅರ್ಥ ತನಗೆ ತಿಳಿಯದು, ಸಂತೋಷದ ಉದ್ಗಾರ ಇರಬೇಕು ಎಂದು ಬರೆದಿದ್ದಾನೆ. ನಾನು ಓದಿ ತಲೆಯೆತ್ತುವುದರೊಳಗೆ ಅಮ್ಮ ಶುರು ಮಾಡಿಯಾಗಿತ್ತು, "ಕೋಲು ಕೋಲೆನ್ನ ಕೋಲೆ..." ಎಂಬತ್ನಾಲ್ಕು ವರ್ಷದ ಕೈ ಮಣೆಯ ಅಂಚಿನ ಮೇಲೆ ತಾಳ ಹಾಕುತ್ತಿತ್ತು.

ಎರಡು ಸಾಲಾದ ಮೇಲೆ ನಿಲ್ಲಿಸಿ, "ಪಾಪ, ಅವನಿಗೆ ಯಾರಾದ್ರೂ ಹೇಳ್ಬಾರ್ದಿತ್ತಾ" ಅಂದಳು. ಮೂರನೇ ಕಲಮಿನಲ್ಲಿ ಕೋಲಾಟ ಎಂದು ಬರೆದು, ಹೇಳಿದವರು ಯಾರು ಎಂಬ ಜಾಗದಲ್ಲಿ ಅಮ್ಮ ಎಂದು ಹಾಕಿದೆ.