ಕುರಿಯ ಕಣ್ಣುಗುಡ್ಡೆ ಬಿಡಿಸುವುದು: ನನ್ನ ಅನುಭವ

ಕಣ್ಣಿನ ರಚನೆ ತಿಳಿಯಲು ಕುರಿಯ ಕಣ್ಣು ಬಿಡಿಸುವವರಲ್ಲಿ ಹಲವರು ಮೊದಲು ಬ್ಲೇಡ್ ಇಡುವುದೇ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ. ಅಲ್ಲಿಂದ ಶುರು ಮಾಡಿದರೆ ಮುಂಭಾಗದ ನೀರು ಸೋರಿ ಗುಡ್ಡೆ ಸೊರಗುತ್ತದೆ, ಒಳಗಿನದ್ದೆಲ್ಲ ಕಲಸಿಹೋಗುತ್ತದೆ. ನಾನು ನಡು ಸುತ್ತಳತೆಯಲ್ಲೇ ಕತ್ತರಿಸುತ್ತೇನೆ.

ಕಣ್ಣು ಒಂದು ದಿನಕ್ಕಿಂತ ಹಳೆಯದಾಗಿರಬಾರದು. ಫ್ರಿಜ್‌ನಲ್ಲಿಡಬಹುದು, ಹೆಪ್ಪುಗಟ್ಟಿಸಬಾರದು. ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿಟ್ಟದ್ದಾದರೆ ಲೆನ್ಸ್ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಅದರಿಂದ ಏನೂ ಕಾಣುವುದಿಲ್ಲ. ಕಾರ್ನಿಯಾ ಮಾತ್ರ ತಾಜಾ ಕಣ್ಣಿನಲ್ಲೂ ಬೇಗ ಮಬ್ಬಾಗುತ್ತದೆ: ಅದರ ಒಳಪದರದ ಜೀವಕೋಶಗಳು ನೀರನ್ನು ಹೊರಹಾಕುವ ಕೆಲಸ ನಿಲ್ಲಿಸುತ್ತವೆ, ಅದು ಊದಿಕೊಳ್ಳುತ್ತದೆ.

ಹಿಂಬದಿಯ ಕೊಬ್ಬು, ಸ್ನಾಯುಗಳನ್ನು ಕತ್ತರಿಯಿಂದ ತೆಗೆಯಿರಿ. ದೃಷ್ಟಿನರದ ಅರ್ಧ ಸೆಂಟಿಮೀಟರ್ ತುಂಡನ್ನು ಉಳಿಸಿ, ಆಮೇಲೆ ಬೇಕಾಗುತ್ತದೆ. ಬಿಳಿ ಗೋಡೆ ಗಟ್ಟಿ, ಗುಡ್ಡೆ ಮೆತ್ತಗೆ. ಹಾಗಾಗಿ ಬ್ಲೇಡ್ ಎಳೆದರೆ ಜಾರಿ ಬೆರಳಿಗೆ ಬರುತ್ತದೆ. ಬ್ಲೇಡಿನ ತುದಿಯಿಂದ ಸಣ್ಣ ತೂತು ಮಾಡಿ, ಆಮೇಲೆ ಮೊಂಡು ತುದಿಯ ಕತ್ತರಿ ತೂರಿಸಿ ಸುತ್ತಲೂ ಕತ್ತರಿಸಿ. ಒಳಗಿನ ಅಲಗು ಸದಾ ಗೋಡೆಗೆ ಒತ್ತಿಕೊಂಡಿರಲಿ. ದ್ರವ ಚಿಮ್ಮಬಹುದು, ಕನ್ನಡಕ ಹಾಕಿಕೊಳ್ಳಿ.

ಮುಂಭಾಗದಲ್ಲಿ ಲೆನ್ಸ್ ಸಿಗುತ್ತದೆ. ಎಳೆಯಬೇಡಿ, ಅಂಚಿನ ನವಿರಾದ ಎಳೆಗಳನ್ನು ಕತ್ತರಿಸಿ ಬಿಡಿಸಿ. ಅಚ್ಚಾದ ಹಾಳೆಯ ಮೇಲಿಟ್ಟರೆ ಅಕ್ಷರ ದೊಡ್ಡದಾಗುತ್ತದೆ, ಎತ್ತಿ ಹಿಡಿದು ದೂರದ ಕಿಟಕಿ ನೋಡಿದರೆ ತಲೆಕೆಳಗಾಗುತ್ತದೆ. ಇಷ್ಟಕ್ಕೇ ಬೆಳಕನ್ನು ಬಾಗಿಸುವ ಮುಖ್ಯ ಕೆಲಸ ಲೆನ್ಸ್‌ನದ್ದೇ ಎಂದುಕೊಳ್ಳುವುದು ತಪ್ಪು. ಇಲ್ಲಿ ಅದರ ಸುತ್ತ ಗಾಳಿಯಿದೆ, ಕಣ್ಣೊಳಗೆ ದ್ರವವಿರುತ್ತದೆ. ಬೆಳಕು ಬಾಗಿಸುವ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ; ಮನುಷ್ಯನ ಕಣ್ಣಿನ ಸುಮಾರು 60 ಡಯಾಪ್ಟರ್ ಶಕ್ತಿಯಲ್ಲಿ 43ರಷ್ಟು ಕಾರ್ನಿಯಾದ್ದೇ. ನೀರಿನೊಳಗೆ ಕಣ್ಣು ತೆರೆದರೆ ಎಲ್ಲ ಮಸುಕಾಗುವುದೂ ಅದಕ್ಕೇ: ಮುಂದೆ ಗಾಳಿಯ ಬದಲು ನೀರಿದ್ದರೆ ಕಾರ್ನಿಯಾ ಬೆಳಕನ್ನು ಹೆಚ್ಚು ಬಾಗಿಸಲಾರದು.

ಹಿಂಭಾಗವನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿಯೇ ನೋಡಬೇಕು. ಹೊರಗೆ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಒಳಪದರ, ಮುದುಡಿ ಲೋಳೆಯಂತೆ ಕಾಣುತ್ತದೆ, ನೀರಿನಲ್ಲಿ ತೆಳು ಪರದೆಯಾಗಿ ಹರಡುತ್ತದೆ. ಗಾಜಿನಂಥ ಜೆಲ್ಲಿಯನ್ನು ಕಿತ್ತರೆ ಅದು ರೆಟಿನಾವನ್ನೂ ಕಿತ್ತುಕೊಂಡು ಬರುತ್ತದೆ. ಬಟ್ಟಲನ್ನು ವಾಲಿಸಿ ತಾನಾಗಿ ಜಾರಲು ಬಿಡಿ. ಹಿಂದೆ ಹೊಳೆಯುವ ನೀಲಿ-ಹಸಿರು ಪದರ ರೆಟಿನಾ ಅಲ್ಲ. ಅದು ರೆಟಿನಾವನ್ನು ಒಮ್ಮೆ ದಾಟಿದ ಬೆಳಕನ್ನು ಹಿಂದಕ್ಕೆ ಕಳಿಸುವ ಟಪೀಟಮ್, ಮನುಷ್ಯರಿಗೆ ಇಲ್ಲ. ಅತ್ತ ನಮ್ಮಲ್ಲಿರುವ, ಚೂಪಾಗಿ ನೋಡುವ ಫೋವಿಯಾ ಎಂಬ ಕುಳಿ ಕುರಿಗಿಲ್ಲ. ಅದನ್ನು ಹುಡುಕುತ್ತ ಕೂರಬೇಡಿ.

ರೆಟಿನಾ ಹಿಂಗೋಡೆಗೆ ಅಂಟಿಕೊಂಡಿರುವುದು ಒಂದೇ ಕಡೆ, ನರ ಹೊರಡುವ ಜಾಗದಲ್ಲಿ. ಉಳಿದ ಹಿಡಿತ ಮುಂದಿನ ಅಂಚಿನದು, ಅದನ್ನು ನೀವು ಆಗಲೇ ಕತ್ತರಿಸಿದ್ದೀರಿ. ಮನುಷ್ಯರಲ್ಲಿ ರೆಟಿನಾ ಕಳಚುವುದು ಇಷ್ಟು ಸುಲಭವೇಕೆ ಎಂಬುದು ಇಲ್ಲಿ ಕೈಗೇ ತಿಳಿಯುತ್ತದೆ. ನಮ್ಮ ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಸುಮಾರು 12 ಕೋಟಿ ದಂಡಕೋಶಗಳು, 60 ಲಕ್ಷ ಶಂಕುಕೋಶಗಳ ಸುದ್ದಿಯನ್ನು ಹತ್ತು ಲಕ್ಷಕ್ಕೆ ತುಸು ಹೆಚ್ಚು ನರತಂತುಗಳು ಹೊತ್ತು ಇಂಥದೇ ಒಂದು ಬಿಂದುವಿನಲ್ಲಿ ಹೊರಬೀಳುತ್ತವೆ. ಅಲ್ಲಿ ಬೆಳಕು ಹಿಡಿಯುವ ಕೋಶವೇ ಇಲ್ಲ, ಅದೇ ಕುರುಡುಬಿಂದು. ಖಾತ್ರಿ ಬೇಕಿದ್ದರೆ ಉಳಿಸಿಕೊಂಡ ನರದ ತುಂಡನ್ನು ಹೊರಗಿನಿಂದ ಚಿಮುಟದಲ್ಲಿ ಹಿಡಿದು ಅಲುಗಾಡಿಸಿ. ಒಳಗೆ ಪರದೆ ಅಲುಗುವುದು ಅಲ್ಲಿಂದಲೇ.