ತೋಟದಂಚಿನ ಉಮ್ಮತ್ತಿಯನ್ನು ಕೀಳುವಾಗ

ಬದಿಯಡ್ಕದ ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಉಮ್ಮತ್ತಿ, ಅಂದರೆ ದತ್ತೂರ, ಪ್ರತಿ ವರ್ಷ ಏಳುತ್ತದೆ. ಕಹಳೆಯಂಥ ಬಿಳಿ ಹೂ, ಮುಳ್ಳುಮುಳ್ಳಾದ ಉರುಟು ಕಾಯಿ. ಶಿವನಿಗೆಂದು ಒಂದೇ ಹೂ ಕೊಯ್ದರೂ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ನಾನೊಮ್ಮೆ ಮುಟ್ಟಿದ್ದೆ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗಿ, ಮರುದಿನವೂ ಪತ್ರಿಕೆಯ ಅಕ್ಷರಗಳು ಕಲಸಿಹೋಗಿದ್ದವು.

ಚೀನೀ ವೈದ್ಯದಲ್ಲಿ ಇದೇ ಹೂವಿಗೆ ಯಾಂಗ್‌ಜಿನ್‌ಹುವಾ ಎಂದು ಹೆಸರು. ದಮ್ಮಿಗೆ, ನೋವಿಗೆ ಒಣಗಿಸಿದ ಹೂ ಬಳಸುತ್ತಾರೆ. ಅಲ್ಲಿನ ಔಷಧಕೋಶ ಹೇಳುವ ಪ್ರಮಾಣ 0.3ರಿಂದ 0.6 ಗ್ರಾಂ ಅಷ್ಟೇ. ಗ್ಲಾಕೋಮಾ, ಅಧಿಕ ರಕ್ತದೊತ್ತಡ ಇರುವವರಿಗೆ ನಿಷಿದ್ಧ. ಹೂವಿನೊಳಗಿನ ಸ್ಕೊಪೊಲಮೀನ್ ಎಂಬ ವಿಷಾಂಶ ಗಿಡದಿಂದ ಗಿಡಕ್ಕೆ ಹೆಚ್ಚುಕಡಿಮೆಯಾಗುತ್ತದೆ, ಅಡುಗೆಮನೆಯ ಚಮಚ ಅದನ್ನು ಅಳೆಯಲಾರದು. ಕಷಾಯವಾಗಲಿ, ಹೊಗೆಯಾಗಲಿ ಮನೆಯಲ್ಲಿ ಬೇಡವೇ ಬೇಡ.

ಕಾಯಿ ಒಡೆಯುವ ಮೊದಲೇ ಕೈಗವಸು ಹಾಕಿ ಬೇರುಸಹಿತ ಕೀಳಿರಿ. ಸುಡಬೇಡಿ, ದನದ ಹಟ್ಟಿಯ ಕಡೆ ಎಸೆಯಬೇಡಿ, ಆಳವಾಗಿ ಹೂತುಬಿಡಿ.

ಮಗು ಬೀಜ ತಿಂದರೆ ಬಾಯಿ ಒಣಗುತ್ತದೆ, ಮೈ ಕೆಂಪಾಗಿ ಸುಡುತ್ತದೆ, ಇಲ್ಲದ್ದನ್ನು ಹಿಡಿಯಲು ಗಾಳಿಯಲ್ಲಿ ಕೈಯಾಡಿಸುತ್ತದೆ. ಇದನ್ನೆಲ್ಲ ಕಾಯುತ್ತ ಕೂರಬೇಡಿ. ವಾಂತಿ ಮಾಡಿಸಬೇಡಿ, ಹುಣಸೆನೀರು ಕುಡಿಸಬೇಡಿ. ಬಾಯಿ ಒರೆಸಿ, ಉಳಿದ ಕಾಯನ್ನು ಚೀಲದಲ್ಲಿ ಹಾಕಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.