ಚಿತ್ರ ನೋಡಿ ಯುದ್ಧವಿಮಾನ ಗುರುತಿಸುವುದು ಹೇಗೆ

ಯುದ್ಧವಿಮಾನದ ಚಿತ್ರ ಎದುರಿಗೆ ಬಂದಾಗ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ಆಮೇಲೆ ಮೂತಿಗೆ. ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಈಗಿನ ಯುದ್ಧವಿಮಾನಗಳಲ್ಲಿ ಹೆಚ್ಚಿನವು ಬೂದು ಬಣ್ಣದವೇ, ಎದುರಿನಿಂದ ನೋಡಿದರೆ ಮೂತಿಗಳೂ ಒಂದನ್ನೊಂದು ಹೋಲುತ್ತವೆ. ನೋಡಬೇಕಾದದ್ದು ನಾಲ್ಕು: ಅಡ್ಡಬಾಲ (ಮುಖ್ಯ ರೆಕ್ಕೆಯಲ್ಲದ ಚಿಕ್ಕ ಅಡ್ಡ ರೆಕ್ಕೆ) ಎಲ್ಲಿದೆ, ಎಂಜಿನ್‌ನ ಬಿಸಿ ಅನಿಲ ಹೊರಬೀಳುವ ನಾಜಲ್ ಹಿಂದೆ ಎಷ್ಟಿವೆ, ಲಂಬಬಾಲ ಒಂದೋ ಎರಡೋ, ಎಂಜಿನ್‌ಗೆ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಎಲ್ಲಿದೆ. ಇದೇ ಕ್ರಮದಲ್ಲಿ ಹೋದರೆ ಪ್ರತಿ ಹೆಜ್ಜೆಗೂ ಒಂದಷ್ಟು ಹೆಸರುಗಳು ಉದುರಿ, ಕೊನೆಗೆ ಒಂದೆರಡು ಮಾತ್ರ ಉಳಿಯುತ್ತವೆ.

ಶುರು ಮಾಡುವ ಮೊದಲು ಚಿತ್ರವನ್ನು ಹಿಗ್ಗಿಸಿ, ನೆರಳು ಬಿದ್ದ ಹೊಟ್ಟೆಯ ಭಾಗದ ಬೆಳಕು ಏರಿಸಿ. ಇನ್‌ಟೇಕ್, ನಾಜಲ್‌ಗಳ ಗುಟ್ಟೆಲ್ಲ ಅಲ್ಲೇ ಅಡಗಿರುತ್ತದೆ.

ಅಡ್ಡಬಾಲದಲ್ಲಿ ಮೂರು ಬಗೆ. ಎಫ್-16, ಸುಖೋಯ್, ಮಿಗ್-29ಗಳಲ್ಲಿ ಅದು ಹಿಂದೆ ಇರುತ್ತದೆ. ರಫೇಲ್, ಟೈಫೂನ್, ಗ್ರಿಪೆನ್‌ಗಳಲ್ಲಿ ಹಿಂದೆ ಇರುವುದಿಲ್ಲ, ರೆಕ್ಕೆಯ ಮುಂದೆ ಕೆನಾರ್ಡ್ ಎನ್ನುವ ಚಿಕ್ಕ ರೆಕ್ಕೆಗಳಿರುತ್ತವೆ. ಮಿರಾಜ್ 2000 ಮತ್ತು ತೇಜಸ್‌ಗಳಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ತ್ರಿಕೋನದ ಡೆಲ್ಟಾ ರೆಕ್ಕೆ ಮಾತ್ರ. ಮಿರಾಜ್‌ನ ಇನ್‌ಟೇಕ್‌ಗಳ ಮೇಲೆ ಪುಟ್ಟ ಪಟ್ಟಿಯಂಥ ರೆಕ್ಕೆಗಳಿವೆ. ಅವನ್ನು ಕೆನಾರ್ಡ್ ಎಂದು ಎಣಿಸಿಬಿಟ್ಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಕೆನಾರ್ಡ್ ದೊಡ್ಡದಿರುತ್ತದೆ, ಬುಡದಲ್ಲಿ ತಿರುಗುತ್ತದೆ. ಈ ಪಟ್ಟಿಗಳು ಅಲುಗುವುದಿಲ್ಲ.

ಎಂಜಿನ್ ಎಷ್ಟು ಎಂದು ತಿಳಿಯಲು ನಾಜಲ್ ಎಣಿಸಿ, ಇನ್‌ಟೇಕ್ ಎಣಿಸಬೇಡಿ. ಅತಿ ಹೆಚ್ಚು ತಪ್ಪಾಗುವ ಜಾಗ ಇದು. ತೇಜಸ್, ಮಿರಾಜ್ 2000, ಗ್ರಿಪೆನ್, ಎಫ್-35 ನಾಲ್ಕಕ್ಕೂ ಎಡಬಲ ಎರಡು ಇನ್‌ಟೇಕ್ ಇವೆ, ಎಂಜಿನ್ ಮಾತ್ರ ಒಂದೇ. ಟೈಫೂನ್‌ನಲ್ಲಿ ಇದು ಉಲ್ಟಾ: ಇನ್‌ಟೇಕ್ ಹೊಟ್ಟೆಯ ಕೆಳಗೆ ಒಂದೇ ಕಡೆ ಇದೆ, ಎಂಜಿನ್ ಎರಡು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎರಡು ನಾಜಲ್ ಒಂದರ ಹಿಂದೊಂದು ಮರೆಯಾಗಿ ಒಂದೇ ಎನಿಸಬಹುದು. ಹಾಗಿದ್ದಾಗ ಉತ್ತರವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗಿ. ರೆಕ್ಕೆಯ ಕೆಳಗೆ ನೇತಾಡುವ ದಪ್ಪ ಕೊಳವೆಗಳು ಎಂಜಿನ್ ಅಲ್ಲ, ಇಂಧನದ ಡ್ರಾಪ್ ಟ್ಯಾಂಕ್‌ಗಳು. ಮುಂತುದಿ ಚೂಪಾಗಿ ಮುಚ್ಚಿರುವುದೇ ಅವುಗಳ ಗುರುತು.

ಕೆನಾರ್ಡ್ ಇರುವ ವಿಮಾನಗಳಲ್ಲಿ ಜನ ಹೆಚ್ಚು ಗೊಂದಲಕ್ಕೆ ಬೀಳುವುದು ರಫೇಲ್ ಮತ್ತು ಟೈಫೂನ್ ನಡುವೆ. ಕೆನಾರ್ಡ್ ಕೂತ ಜಾಗ ನೋಡಿ. ರಫೇಲ್‌ನಲ್ಲಿ ಅದು ಕಾಕ್‌ಪಿಟ್‌ನ ಹಿಂಬದಿಗೆ, ರೆಕ್ಕೆಗೆ ಅಂಟಿಕೊಂಡಂತೆ ಹತ್ತಿರದಲ್ಲಿ, ರೆಕ್ಕೆಗಿಂತ ಸ್ವಲ್ಪ ಮೇಲಿರುತ್ತದೆ. ಟೈಫೂನ್‌ನಲ್ಲಿ ರೆಕ್ಕೆಯಿಂದ ಬಹಳ ದೂರ, ಮೂತಿಯ ಕಡೆಗೆ, ಕೆಳಕ್ಕೆ ಇಳಿಬಿಟ್ಟಂತಿರುತ್ತದೆ. ಟೈಫೂನ್‌ನ ಇನ್‌ಟೇಕ್ ಎದುರಿನಿಂದ ನೋಡಿದರೆ ನಕ್ಕ ಬಾಯಿಯ ಹಾಗೆ. ರಫೇಲ್‌ನ ಇನ್‌ಟೇಕ್‌ಗಳು ಎರಡು ಪಕ್ಕೆಗಳಲ್ಲಿ ದುಂಡಗಿವೆ. ಕೆನಾರ್ಡ್ ಇದ್ದು ನಾಜಲ್ ಒಂದೇ ಇದ್ದರೆ ಗ್ರಿಪೆನ್ ಅಥವಾ ಚೀನಾದ ಜೆ-10. ಇನ್‌ಟೇಕ್ ಪಕ್ಕೆಯಲ್ಲಿದ್ದರೆ ಗ್ರಿಪೆನ್, ಹೊಟ್ಟೆಯ ಕೆಳಗಿದ್ದರೆ ಜೆ-10. ಕೆನಾರ್ಡ್ ಜೊತೆ ಹೊರಕ್ಕೆ ವಾಲಿದ ಎರಡು ಲಂಬಬಾಲ, ಎರಡು ನಾಜಲ್ ಕಂಡರೆ ಅದು ಜೆ-20.

ಬಾಲವಿಲ್ಲದ ಡೆಲ್ಟಾಗಳನ್ನು ಬೇರ್ಪಡಿಸಲು ರೆಕ್ಕೆಯ ಮುಂದಿನ ಅಂಚು ಸಾಕು. ಮಿರಾಜ್ 2000ರದ್ದು ಬುಡದಿಂದ ತುದಿಗೆ ಒಂದೇ ನೇರ ಗೆರೆ. ತೇಜಸ್‌ನದ್ದು ನಡುವೆ ಮುರಿದ ಗೆರೆ: ಬುಡದ ಕಡೆ ವಾಲುವಿಕೆ ಕಡಿಮೆ, ಹೊರಗಡೆ ಹೆಚ್ಚು. ಮೇಲಿಂದ ಅಥವಾ ಕೆಳಗಿಂದ ತೆಗೆದ ಚಿತ್ರ ಸಿಕ್ಕರೆ ಈ ಮುರಿತ ಎದ್ದು ಕಾಣುತ್ತದೆ. ಪಕ್ಕದಿಂದ ತೆಗೆದದ್ದಾದರೆ ಮಿರಾಜ್‌ನ ಇನ್‌ಟೇಕ್ ಬಾಯಲ್ಲಿರುವ ಅರ್ಧ ಶಂಕುವನ್ನು ಹುಡುಕಿ. ತೇಜಸ್‌ಗೆ ಅದಿಲ್ಲ.

ಹಿಂದೆ ಅಡ್ಡಬಾಲ, ಎರಡು ನಾಜಲ್, ಎರಡು ಲಂಬಬಾಲ. ಈ ಗುಂಪು ದೊಡ್ಡದು, ಇಲ್ಲಿ ನಿಧಾನವಾಗಿ ನೋಡಬೇಕು. ಮೊದಲು ಎರಡು ನಾಜಲ್‌ಗಳ ನಡುವೆ ಕಣ್ಣಿಡಿ. ಅಲ್ಲಿಂದ ಉದ್ದನೆಯ ಕೊಂಡಿಯಂಥ ಭಾಗ ಹಿಂದಕ್ಕೆ ಚಾಚಿದ್ದರೆ ಸುಖೋಯ್-27ರ ಕುಟುಂಬ. ಚಾಚಿಲ್ಲದಿದ್ದರೆ ಮಿಗ್-29 ಇರಬಹುದು. ಮಿಗ್ ಸುಮಾರು 17 ಮೀಟರ್ ಉದ್ದ, ಸುಖೋಯ್ ಸುಮಾರು 22 ಮೀಟರ್. ಆದರೆ ಅಳತೆಗೆ ಏನೂ ಸಿಗದ ಆಕಾಶದ ಚಿತ್ರದಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ, ಆ ಕೊಂಡಿಯನ್ನೇ ನಂಬಬೇಕು. ಲಂಬಬಾಲಗಳು ನೆಟ್ಟಗೆ ನಿಂತಿದ್ದು, ಇನ್‌ಟೇಕ್‌ಗಳು ಪಕ್ಕೆಯಲ್ಲಿ ಚೌಕಾಕಾರದಲ್ಲಿದ್ದರೆ ಎಫ್-15. ಲಂಬಬಾಲಗಳು ಹೊರಕ್ಕೆ ವಾಲಿ, ಅಡ್ಡಬಾಲಕ್ಕಿಂತ ಮುಂದೆ ಎದ್ದಿದ್ದರೆ ಎಫ್/ಎ-18. ಅದರಲ್ಲೂ ಇನ್‌ಟೇಕ್ ದುಂಡಗಿದ್ದರೆ ಹಳೆಯ ಹಾರ್ನೆಟ್, ಓರೆಯಾದ ಚೌಕವಾಗಿದ್ದರೆ ಸೂಪರ್ ಹಾರ್ನೆಟ್.

ಸುಖೋಯ್ ಎಂದು ಗೊತ್ತಾದ ಮೇಲೂ ಕೆಲಸ ಮುಗಿದಿಲ್ಲ. ಮೂತಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾಗಿ, ಪೈಲಟ್‌ಗಳಿಬ್ಬರು ಅಕ್ಕಪಕ್ಕ ಕೂತಿದ್ದರೆ ಸು-34. ಒಂದೇ ಸೀಟು, ಕೆನಾರ್ಡ್ ಇಲ್ಲ ಎಂದಾದರೆ ಸು-27 ಅಥವಾ ಸು-35. ಹಿಂದುಮುಂದಾಗಿ ಎರಡು ಸೀಟು ಇದ್ದು, ಅಡ್ಡಬಾಲದ ಜೊತೆಗೆ ಕೆನಾರ್ಡ್ ಕೂಡ ಇದ್ದರೆ ಭಾರತದ ಸು-30 ಎಂಕೆಐ, ಮಲೇಷ್ಯಾದ ಎಂಕೆಎಂ, ರಷ್ಯಾದ ಎಸ್‌ಎಂ ಮೊದಲಾದವುಗಳಲ್ಲಿ ಒಂದು. ಆಕಾರದಿಂದ ಇದಕ್ಕಿಂತ ಮುಂದೆ ಹೋಗುವುದು ಕಷ್ಟ.

ಒಂದು ನಾಜಲ್, ಒಂದು ಲಂಬಬಾಲ, ಹೊಟ್ಟೆಯ ಕೆಳಗೆ ಇನ್‌ಟೇಕ್, ಹಿಂದೆ ಅಡ್ಡಬಾಲ ಎಂದರೆ ಬಹುಮಟ್ಟಿಗೆ ಎಫ್-16. ಜಪಾನಿನ ಎಫ್-2 ಮಾತ್ರ ಮೋಸ ಮಾಡುತ್ತದೆ. ಎಫ್-16ರ ಕಾಕ್‌ಪಿಟ್ ಗಾಜಿನ ಮುಂಭಾಗದಲ್ಲಿ ಚೌಕಟ್ಟಿಲ್ಲ, ಎಫ್-2ರಲ್ಲಿ ಪೈಲಟ್‌ನ ಎದುರಿಗೆ ಚೌಕಟ್ಟು ಇದೆ.

ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಸ್ಟೆಲ್ತ್ ವಿಮಾನಗಳಲ್ಲಿ ಎಫ್-22 ಮತ್ತು ಎಫ್-35ರ ನಡುವಿನ ಗೊಂದಲ ಹಿಂದಿನಿಂದ ನೋಡಿದ ಕೂಡಲೇ ಮುಗಿಯುತ್ತದೆ. ಎಫ್-22ಕ್ಕೆ ಚಪ್ಪಟೆಯಾದ ಎರಡು ನಾಜಲ್, ಎಫ್-35ಕ್ಕೆ ಅಂಚು ಗರಗಸದಂತಿರುವ ಒಂದೇ ದುಂಡು ನಾಜಲ್. ಮುಂದಿನಿಂದ ತೆಗೆದ ಚಿತ್ರವಾದರೆ ಎಫ್-35ರ ಮೂತಿಯ ಕೆಳಗೆ ಕತ್ತರಿಸಿದ ಹರಳಿನಂಥ ಗಾಜಿನ ಕಿಟಕಿ ಇದೆ, ಅದನ್ನು ನೋಡಿ.

ಉತ್ತರ ಸಿಕ್ಕ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದೆಯೇ ಎಂದು ಪರೀಕ್ಷಿಸಿ. ಅಕ್ಷರ, ಅಂಕಿ ಓದಲು ಬಾರದಷ್ಟು ಮಸುಕಾಗಿದ್ದರೂ ವಿಮಾನದ ಮೈಯೇ ಹೇಳುತ್ತದೆ. ರಫೇಲ್‌ನ ಮೂತಿಯ ಮೇಲೆ ಎದ್ದು ನಿಂತ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ ಪೈಲಟ್‌ನ ಬಲಗಡೆ ಇರುತ್ತದೆ. ಎಫ್-16ರ ಫಿರಂಗಿಯ ರಂಧ್ರ ಕಾಕ್‌ಪಿಟ್‌ನ ಎಡಗಡೆ. ಎಫ್-35ಎ ಮಾದರಿಯಲ್ಲಿ ಫಿರಂಗಿಯ ಉಬ್ಬು ಎಡ ಇನ್‌ಟೇಕ್‌ನ ಮೇಲಿರುತ್ತದೆ. ಇವು ಅದಲುಬದಲಾಗಿದ್ದರೆ ಯಾರೋ ಚಿತ್ರ ತಿರುಗಿಸಿದ್ದಾರೆ, ಅದರ ಜೊತೆ ಬಂದ ಬರಹವನ್ನೂ ಅನುಮಾನದಿಂದಲೇ ಓದಿ.

ದೇಶದ ಗುರುತು ನೋಡಬೇಕಾದದ್ದು ಇಷ್ಟೆಲ್ಲ ಆದ ಮೇಲೆ. ವೃತ್ತದ ಬಣ್ಣಗಳನ್ನು ಒಳಗಿನಿಂದ ಹೊರಕ್ಕೆ ಓದಿ: ಭಾರತದ್ದು ಹಸಿರು, ಬಿಳಿ, ಕೇಸರಿ; ಫ್ರಾನ್ಸಿನದ್ದು ನೀಲಿ, ಬಿಳಿ, ಕೆಂಪು; ಇಟಲಿಯದ್ದು ಹಸಿರು, ಬಿಳಿ, ಕೆಂಪು. ಭಾರತ ಮತ್ತು ಇಟಲಿಯ ವೃತ್ತಗಳು ಸಣ್ಣ ಚಿತ್ರದಲ್ಲಿ ಒಂದೇ ಎನಿಸುತ್ತವೆ, ಹೊರಗಿನ ಬಳೆ ಕೇಸರಿಯೋ ಕೆಂಪೋ ಎಂದು ನೋಡದೆ ಹೇಳಬೇಡಿ. ಕೆಲವು ದೇಶಗಳು ಗುರುತನ್ನೂ ಬೂದು ಬಣ್ಣದಲ್ಲೇ ಬರೆಯುತ್ತವೆ. ಅಮೆರಿಕದ ವಾಯುಪಡೆಯ ಬಾಲದ ಮೇಲೆ ‘ಎಎಫ್’ ಎಂಬ ಇಂಗ್ಲಿಷ್ ಅಕ್ಷರಗಳ ಜೊತೆ ಎರಡು ಸಣ್ಣ ಅಂಕಿಗಳಿರುತ್ತವೆ. ಅಲ್ಲಿ 88 ಎಂದಿದ್ದರೆ ಆ ವಿಮಾನ 1988ರ ಹಣಕಾಸು ವರ್ಷದ ಆರ್ಡರ್‌ನದ್ದು.

ಹೆಸರು ಬರೆಯುವಾಗ ಕಂಡಷ್ಟನ್ನೇ ಬರೆಯಿರಿ. ವೃತ್ತ ಕಾಣದಿದ್ದರೆ ‘ಎಂಕೆಐ’ ಎನ್ನುವ ಬದಲು ‘ಕೆನಾರ್ಡ್ ಇರುವ ಎರಡು ಸೀಟಿನ ಸು-30’ ಎನ್ನಿ. ನಾಜಲ್ ಕಾಣದಿದ್ದರೆ ಎಂಜಿನ್ ಸಂಖ್ಯೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದೇ ಘಟನೆಯ ಬೇರೆ ಕೋನದ ಇನ್ನೊಂದು ಚಿತ್ರ ಹುಡುಕಿ.